ಮೊಬೈಲ್ ಫೋನಿನಲ್ಲಿ ಪನೋರಮಾ ಚಿತ್ರ: ತತ್ತ್ವ ಮತ್ತು ವಿಧಾನ

ಒಂದು ವಿದ್ಯಾಸಂಸ್ಥೆಯ ಬಾಳಿನಲ್ಲಿ ಛಾಯಾಚಿತ್ರವು ದಾಖಲೆಯ ಸ್ಥಾನವನ್ನು ಪಡೆದು ಬಹುಕಾಲ ಸಂದಿದೆ. ಶಿಲಾನ್ಯಾಸದ ಸಮಾರಂಭ, ಹೊಸ ಕಟ್ಟಡದ ಉದ್ಘಾಟನೆ, ಪೂಜ್ಯರ ದಿವ್ಯ ಸಾನ್ನಿಧ್ಯದಲ್ಲಿ ಜರುಗಿದ ಸಭೆ, ಬೀಳ್ಕೊಡುವ ದಿನ ತೆಗೆಸಿದ ಸಮೂಹ ಚಿತ್ರ ಇವುಗಳ ನೆರವಿಲ್ಲದೆ ಸ್ಮರಣ ಸಂಚಿಕೆಯೊಂದನ್ನು ಹೊರತರುವುದು ಕಷ್ಟಸಾಧ್ಯವೇ ಸರಿ. ಹಿಂದೆ ಇಂಥ ಚಿತ್ರಗಳಿಗಾಗಿ ಪಟ್ಟಣದಿಂದ ಛಾಯಾಗ್ರಾಹಕರನ್ನು ಬರಮಾಡಿಕೊಳ್ಳಬೇಕಾಗುತ್ತಿತ್ತು. ಇಂದಾದರೋ ಶಿಕ್ಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಕಿಸೆಯಲ್ಲಿಯೇ ಕ್ಯಾಮೆರಾ ಇರುತ್ತದೆ. ಅದರಲ್ಲಿ ವಿಶಾಲವಾದ ನೋಟವನ್ನು ಒಂದೇ ಉದ್ದನೆಯ ಚಿತ್ರವಾಗಿ ಹಿಡಿಯುವ ಪನೋರಮಾ ಎಂಬ ಏರ್ಪಾಡೂ ಉಂಟು.

ಆದರೆ ಈ ಏರ್ಪಾಡನ್ನು ಬಳಸಿದವರಲ್ಲಿ ಅನೇಕರಿಗೆ ನಿರಾಶೆಯೇ ಆಗಿದೆ. ಧ್ವಜಸ್ತಂಭ ನಡುವಿನಲ್ಲಿ ಮುರಿದಂತೆ ಕಾಣುತ್ತದೆ. ನೇರವಾದ ಕಟ್ಟಡ ಬಿಲ್ಲಿನಂತೆ ಬಾಗುತ್ತದೆ. ಸಾಲಿನಲ್ಲಿ ನಿಂತ ಹುಡುಗನಿಗೆ ಅರ್ಧ ಮುಖ ಮಾತ್ರ ಉಳಿಯುತ್ತದೆ. ಇದಕ್ಕೆ ಫೋನು ಅಗ್ಗದ್ದೆಂಬುದು ಕಾರಣವೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಈ ದೋಷಗಳಲ್ಲಿ ಹೆಚ್ಚಿನವು ಚಿತ್ರ ತೆಗೆಯುವವರು ನಿಂತ ರೀತಿಯಿಂದಲೂ ಫೋನನ್ನು ತಿರುಗಿಸಿದ ಕ್ರಮದಿಂದಲೂ ಉಂಟಾಗತಕ್ಕವು. ಅದರ ತತ್ತ್ವವನ್ನು ತಿಳಿದುಕೊಂಡರೆ ಸಾಧಾರಣ ಫೋನಿನಿಂದಲೂ ಒಳ್ಳೆಯ ಚಿತ್ರವನ್ನು ಪಡೆಯಬಹುದು. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೆಸರು ಮತ್ತು ಹಿನ್ನೆಲೆ

ಗ್ರೀಕ್ ಭಾಷೆಯಲ್ಲಿ ‘ಪ್ಯಾನ್’ ಎಂದರೆ ಸಮಸ್ತ, ‘ಹೊರಾಮ’ ಎಂದರೆ ನೋಟ. ಐರ್ಲೆಂಡಿನಲ್ಲಿ ಜನಿಸಿದ ಚಿತ್ರಕಾರ ರಾಬರ್ಟ್ ಬಾರ್ಕರ್ ಎಂಬಾತನು ಸುತ್ತಲಿನ ದೃಶ್ಯವನ್ನೆಲ್ಲ ದುಂಡಾದ ಗೋಡೆಯ ಮೇಲೆ ತೋರಿಸುವ ವಿಧಾನಕ್ಕೆ 1787ರಲ್ಲಿ ಪೇಟೆಂಟ್ ಪಡೆದನು. 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಇದಕ್ಕಾಗಿಯೇ ಒಂದು ವರ್ತುಲಾಕಾರದ ಭವನ ತೆರೆಯಿತು. ನೋಡುಗರು ನಡುವೆ ನಿಂತು ಸುತ್ತ ತಿರುಗಿ ಚಿತ್ರವನ್ನು ನೋಡುತ್ತಿದ್ದರು.

ಕನ್ನಡ ನಾಡಿಗೂ ಈ ಕಲೆಗೂ ಆರಂಭಕಾಲದಲ್ಲಿಯೇ ಒಂದು ಸಂಬಂಧ ಏರ್ಪಟ್ಟಿತೆಂಬುದು ಕುತೂಹಲಕರ ಸಂಗತಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಆಂಗ್ಲರ ವಶವಾಗಿ ಟೀಪು ಸುಲ್ತಾನನು ಮಡಿದನಷ್ಟೆ. ಮರುವರ್ಷವೇ, ಎಂದರೆ 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಚಿತ್ರವಾಗಿ ಬರೆದು ಲಂಡನ್ನಿನ ಲೈಸಿಯಂ ಭವನದಲ್ಲಿ ಪ್ರದರ್ಶಿಸಿದನು. ಆತನು ಆ ಕೋಟೆಯನ್ನು ಕಣ್ಣಾರೆ ಕಂಡವನಲ್ಲ. ಗೆದ್ದವರ ಕಡೆಯಿಂದ ಕೇಳಿ ತಿಳಿದುದೇ ಆ ಚಿತ್ರಕ್ಕೆ ಆಧಾರ. ವಿಶಾಲವಾದ ಚಿತ್ರವೆಲ್ಲವೂ ಸಮಗ್ರವಾದ ಸತ್ಯವಾಗಲಾರದೆಂಬುದಕ್ಕೆ ಇದೊಂದು ನಿದರ್ಶನ.

1839ರಲ್ಲಿ ಛಾಯಾಗ್ರಹಣದ ಆವಿಷ್ಕಾರ ಪ್ರಕಟವಾದ ಮೇಲೆ, ಒಂದೇ ಜಾಗದಿಂದ ಹಲವು ಫಲಕಗಳನ್ನು ತೆಗೆದು ಪಕ್ಕಪಕ್ಕದಲ್ಲಿ ಜೋಡಿಸುವ ಪದ್ಧತಿ ಬಂದಿತು. 1848ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ನದೀತೀರವನ್ನು ಹೀಗೆ 8 ಫಲಕಗಳಲ್ಲಿ ಹಿಡಿಯಲಾಯಿತು. 1904ರಲ್ಲಿ ಪೇಟೆಂಟ್ ದೊರೆತ ಸರ್ಕಟ್ ಎಂಬ ಕ್ಯಾಮೆರಾ ಇನ್ನೂ ಮುಂದೆ ಹೋಯಿತು. ಅದರಲ್ಲಿ ಕ್ಯಾಮೆರಾ ಮುಕ್ಕಾಲಿಯ ಮೇಲೆ ಹಲ್ಲುಚಕ್ರಗಳ ನೆರವಿನಿಂದ ನಿಧಾನವಾಗಿ ತಿರುಗುತ್ತಿರಲು, ಒಳಗಿನ ಫಿಲ್ಮು ಒಂದು ಸಣ್ಣ ಸೀಳಿನ ಹಿಂದೆ ಸರಿಯುತ್ತ ದೃಶ್ಯವನ್ನು ಪಟ್ಟಿಪಟ್ಟಿಯಾಗಿ ಗ್ರಹಿಸುತ್ತಿತ್ತು. ಶಾಲೆಗಳ, ಸೈನ್ಯದ ತುಕಡಿಗಳ ಉದ್ದನೆಯ ಸಮೂಹ ಚಿತ್ರಗಳನ್ನು ಈ ಬಗೆಯ ಕ್ಯಾಮೆರಾಗಳಿಂದ ತೆಗೆಯುತ್ತಿದ್ದರು. ಚಿತ್ರದ ಒಂದು ತುದಿಯಲ್ಲಿದ್ದ ತುಂಟ ಹುಡುಗನು ಕ್ಯಾಮೆರಾ ತಿರುಗುವಷ್ಟರಲ್ಲಿ ಸಾಲಿನ ಹಿಂದಿನಿಂದ ಓಡಿ ಮತ್ತೊಂದು ತುದಿಯಲ್ಲಿ ನಿಂತು, ಒಂದೇ ಚಿತ್ರದಲ್ಲಿ ಎರಡು ಬಾರಿ ಕಾಣಿಸಿಕೊಂಡ ಉದಾಹರಣೆಗಳೂ ಉಂಟು. ಇಂದಿನ ಫೋನು ಮಾಡುವುದೂ ಬಹುಮಟ್ಟಿಗೆ ಈ ಹಳೆಯ ಕ್ಯಾಮೆರಾದ ಕೆಲಸವನ್ನೇ ಎಂಬುದನ್ನು ಮುಂದೆ ನೋಡಲಿದ್ದೇವೆ.

ಫೋನಿನೊಳಗೆ ನಡೆಯುವ ಕ್ರಿಯೆ

ಆಂಡ್ರಾಯ್ಡ್ ಫೋನುಗಳಿಗೆ 2011ರಲ್ಲಿಯೂ ಐಫೋನಿಗೆ 2012ರಲ್ಲಿಯೂ ಪನೋರಮಾ ಸೌಲಭ್ಯ ಸೇರ್ಪಡೆಯಾಯಿತು. ಗುಂಡಿ ಒತ್ತಿ ಫೋನನ್ನು ಒಂದು ದಿಕ್ಕಿಗೆ ತಿರುಗಿಸುತ್ತ ಹೋದಂತೆ ಅದು ಒಂದರ ಮೇಲೊಂದರಂತೆ ಹಲವಾರು ಚಿತ್ರಗಳನ್ನು ತೆಗೆಯುತ್ತದೆ. ಪ್ರತಿಯೊಂದರಿಂದ ನಡುವಿನ ಕಿರಿದಾದ ಪಟ್ಟಿಯನ್ನು ಆಯ್ದುಕೊಳ್ಳುತ್ತದೆ. ಫೋನು ಎಷ್ಟು ತಿರುಗಿದೆ, ಎತ್ತ ವಾಲಿದೆ ಎಂಬುದನ್ನು ಗೈರೊಸ್ಕೋಪ್ ಎಂಬ ಒಳಗಿನ ಸೂಕ್ಷ್ಮ ಸಾಧನ ತಿಳಿಸುತ್ತದೆ. ಅಕ್ಕಪಕ್ಕದ ಪಟ್ಟಿಗಳಲ್ಲಿ ಸಮಾನವಾಗಿರುವ ಗುರುತುಗಳನ್ನು, ಕಿಟಕಿಯ ಮೂಲೆಯನ್ನೋ ಕಲ್ಲಿನ ಅಂಚನ್ನೋ, ಗಣಕವು ಹುಡುಕಿ ಹೊಂದಿಸಿ, ಬೆಸುಗೆಯ ಗೆರೆ ಕಾಣದಂತೆ ಬಣ್ಣಗಳನ್ನು ಬೆರೆಸುತ್ತದೆ.

ಆದುದರಿಂದ ಪನೋರಮಾ ಎಂಬುದು ಒಂದು ಕ್ಷಣದ ಚಿತ್ರವಲ್ಲವೆಂಬುದನ್ನು ಮೊದಲು ಮನಗಾಣಬೇಕು. ಅದರ ಎಡತುದಿಗೂ ಬಲತುದಿಗೂ ಹತ್ತು ಹನ್ನೆರಡು ಸೆಕೆಂಡುಗಳ ಅಂತರವಿರುತ್ತದೆ. ಬೆಸುಗೆ ಚೆನ್ನಾಗಿ ಕೂಡಬೇಕಾದರೆ ಎರಡು ನಿಯಮಗಳು ಪಾಲಿತವಾಗಬೇಕು. ಒಂದು, ಲೆನ್ಸ್ ತಿರುಗಬೇಕೇ ಹೊರತು ಇದ್ದ ಸ್ಥಳವನ್ನು ಬಿಟ್ಟು ಸರಿಯಬಾರದು. ಎರಡು, ಎದುರಿನ ದೃಶ್ಯವು ಅಷ್ಟು ಹೊತ್ತು ಸ್ಥಿರವಾಗಿರಬೇಕು. ಮುಂದೆ ಹೇಳುವ ಸೂಚನೆಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಹುಟ್ಟುತ್ತವೆ.

ನಿಂತ ನೆಲೆ ಕದಲದಿರಲಿ

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ, ಹಿಂದಿರುವ ಮರದ ಎದುರು ಬೆರಳು ಅತ್ತಿತ್ತ ಜಿಗಿದಂತೆ ತೋರುತ್ತದೆ. ನೋಡುವ ಸ್ಥಾನ ಬದಲಾದಂತೆ ಹತ್ತಿರದ ವಸ್ತು ಹಿನ್ನೆಲೆಯ ಮುಂದೆ ಸರಿದಂತೆ ಕಾಣುವ ಈ ಪರಿಣಾಮಕ್ಕೆ ವಿಜ್ಞಾನದಲ್ಲಿ ಪ್ಯಾರಲಾಕ್ಸ್ ಎಂದು ಹೆಸರು. ಮುರಿದ ಧ್ವಜಸ್ತಂಭಕ್ಕೆ ಮೂಲಕಾರಣ ಇದೇ.

ಸಾಮಾನ್ಯವಾಗಿ ಜನರು ತೋಳನ್ನು ಚಾಚಿ ಫೋನನ್ನು ಹಿಡಿದು ಸೊಂಟವನ್ನು ತಿರುಗಿಸುತ್ತಾರೆ. ಆಗ ಲೆನ್ಸು ಒಂದು ದೊಡ್ಡ ಕಮಾನಿನ ದಾರಿಯಲ್ಲಿ ಚಲಿಸುತ್ತದೆ. ಅದು 60 ಸೆಂಟಿಮೀಟರ್ ಪಕ್ಕಕ್ಕೆ ಸರಿಯಿತೆನ್ನೋಣ. 100 ಮೀಟರ್ ದೂರದ ಗುಡ್ಡಕ್ಕೆ ಇದರಿಂದ ಆಗುವ ಕೋನಭೇದ ಸುಮಾರು ಮೂರನೆಯ ಒಂದು ಡಿಗ್ರಿ ಮಾತ್ರ. ಆದರೆ 3 ಮೀಟರ್ ದೂರದ ಕಂಬಕ್ಕೆ ಅದು 11 ಡಿಗ್ರಿಯಷ್ಟಾಗುತ್ತದೆ. ಇಷ್ಟು ಸರಿದ ಕಂಬವನ್ನು ಹಿನ್ನೆಲೆಯೊಡನೆ ಹೊಂದಿಸಲು ಯಾವ ಗಣಕಕ್ಕೂ ಸಾಧ್ಯವಾಗದು. ಸರಿತವನ್ನು 3 ಸೆಂಟಿಮೀಟರಿಗೆ ಇಳಿಸಿದರೆ ಅದೇ ಕಂಬದ ಕೋನಭೇದ ಸುಮಾರು ಅರ್ಧ ಡಿಗ್ರಿಗೆ ಇಳಿಯುತ್ತದೆ. ಬೆಟ್ಟದ ಮೇಲಿಂದ ತೆಗೆದ ಚಿತ್ರ ಸಲೀಸಾಗಿ ಬಂದು, ಶಾಲೆಯ ಪಡಸಾಲೆಯಲ್ಲಿ ತೆಗೆದ ಚಿತ್ರ ಕೆಡುವುದರ ರಹಸ್ಯ ಇಲ್ಲಿದೆ.

ಇದಕ್ಕೆ ಪರಿಹಾರಗಳು ಸುಲಭವಾಗಿವೆ. ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡು ಫೋನನ್ನು ಮುಖದ ಸಮೀಪ ಹಿಡಿಯಬೇಕು. ಫೋನು ಗಾಳಿಯಲ್ಲಿ ನೆಟ್ಟ ಗೂಟವೆಂದು ಭಾವಿಸಿ, ತಾವೇ ಸಣ್ಣ ಹೆಜ್ಜೆಗಳಿಂದ ಅದರ ಸುತ್ತ ಸರಿಯಬೇಕು. ಗಾರೆ ಕೆಲಸದವರು ಗೋಡೆಯ ನೇರವನ್ನು ನೋಡುವ ತೂಗುಗುಂಡಿನ ಉಪಾಯವನ್ನೂ ಬಳಸಬಹುದು. ಲೆನ್ಸಿನ ನೇರಕ್ಕೆ ಫೋನಿನಿಂದ ಒಂದು ದಾರವನ್ನು ಇಳಿಬಿಟ್ಟು ತುದಿಗೆ ಸಣ್ಣ ಕಲ್ಲನ್ನು ಕಟ್ಟಿ, ನೆಲದ ಮೇಲೊಂದು ಗುರುತಿಟ್ಟು, ತಿರುಗುವಾಗ ಕಲ್ಲು ಆ ಗುರುತಿನ ಮೇಲೆಯೇ ನಿಲ್ಲುವಂತೆ ನೋಡಿಕೊಂಡರಾಯಿತು. ಸ್ಕೌಟ್ ವಿದ್ಯಾರ್ಥಿಗಳ ಕೋಲನ್ನು ನೆಲಕ್ಕೂರಿ ಅದರ ತುದಿಗೆ ಫೋನನ್ನು ಆನಿಸಿ ಕೋಲನ್ನೇ ತಿರುಗಿಸುವುದೂ ಒಳ್ಳೆಯ ಕ್ರಮ. ಹತ್ತಿರದಲ್ಲಿ ಕಂಬ, ಗಿಡ, ಕುರ್ಚಿಗಳಿಲ್ಲದ ಜಾಗವನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಹಿಡಿಯುವ ಮತ್ತು ತಿರುಗಿಸುವ ಕ್ರಮ

ಅಡ್ಡಲಾದ ದೃಶ್ಯಕ್ಕೆ ಫೋನನ್ನು ನೆಟ್ಟಗೆ ಹಿಡಿಯಬೇಕು. ಹಾಗೆ ಹಿಡಿದರೆ ಚಿತ್ರಕ್ಕೆ ಸಾಕಷ್ಟು ಎತ್ತರ ದೊರಕುತ್ತದೆ. ಪರದೆಯ ಮೇಲೆ ಕಾಣುವ ಬಾಣವು ಗೆರೆಯ ಮೇಲೆಯೇ ಸಾಗಬೇಕು. ಬಾಣ ಮೇಲೆ ಕೆಳಗೆ ಹೊರಳಿದಷ್ಟೂ ಫೋನು ಚಿತ್ರದ ಮೇಲಂಚು ಕೆಳಅಂಚುಗಳನ್ನು ಕತ್ತರಿಸುತ್ತದೆ. ಫೋನು ಮುಂದಕ್ಕೋ ಹಿಂದಕ್ಕೋ ವಾಲಿದರೆ ದಿಗಂತ ಅಲೆಯಂತೆ ಡೊಂಕಾಗುತ್ತದೆ.

ಪಾದಗಳನ್ನು ದೃಶ್ಯದ ನಡುಭಾಗಕ್ಕೆ ಎದುರಾಗಿ ಊರಿ, ಮೈಯನ್ನು ಮಾತ್ರ ಆರಂಭದ ತುದಿಗೆ ತಿರುಗಿಸಿ ಅಲ್ಲಿಂದ ಹೊರಡುವುದು ಲೇಸು. ಆರಂಭದಲ್ಲಿ ಸುಖವಾಗಿ ನಿಂತವರು ಕೊನೆಯಲ್ಲಿ ಮೈ ತಿರುಚಿಕೊಂಡು ನಡುಗುವುದು ಹೀಗೆ ತಪ್ಪುತ್ತದೆ. ಅರ್ಧ ಸುತ್ತಿಗೆ 12ರಿಂದ 15 ಸೆಕೆಂಡುಗಳ ವೇಗ ಸಾಕು. ಮಬ್ಬು ಬೆಳಕಿನಲ್ಲಿ ಇನ್ನೂ ನಿಧಾನವಾಗಿ ತಿರುಗಬೇಕು. ದೃಶ್ಯ ಮುಗಿದ ಕೂಡಲೇ ನಿಲ್ಲಿಸದೆ ತುಸು ಮುಂದುವರಿದು ನಿಲ್ಲಿಸಿದರೆ ಅಂಚುಗಳನ್ನು ಕತ್ತರಿಸಲು ಅವಕಾಶವಿರುತ್ತದೆ.

ಗೋಪುರ, ಏಕಶಿಲಾ ಮೂರ್ತಿಗಳಂಥ ಎತ್ತರದ ವಸ್ತುಗಳಿಗೆ ಫೋನನ್ನು ಅಡ್ಡಲಾಗಿ ಹಿಡಿದು ಕೆಳಗಿನಿಂದ ಮೇಲಕ್ಕೆ ಸಾಗಬಹುದು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಅಂಗಳದ ಸಮೀಪದಿಂದ ಪೂರ್ಣವಾಗಿ ಹಿಡಿಯಲು ಇದು ತಕ್ಕ ವಿಧಾನ.

ಬೆಳಕಿನ ವಿಚಾರ

ಅನೇಕ ಫೋನುಗಳು ಮೊದಲ ಪಟ್ಟಿಯ ಬೆಳಕನ್ನು ನೋಡಿ ಇಡೀ ಚಿತ್ರದ ಪ್ರಕಾಶವನ್ನು ನಿಗದಿ ಮಾಡುತ್ತವೆ. ನೆರಳಿನ ಮೂಲೆಯಿಂದ ಆರಂಭಿಸಿದರೆ ಬಿಸಿಲಿನ ಭಾಗವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುವುದು ಇದರಿಂದಲೇ. ಆದುದರಿಂದ ಹೆಚ್ಚು ಬೆಳಕೂ ಹೆಚ್ಚು ನೆರಳೂ ಇಲ್ಲದ ಮಧ್ಯಮ ಭಾಗದತ್ತ ಫೋನನ್ನು ಹಿಡಿದು, ಪರದೆಯನ್ನು ಬೆರಳಿನಿಂದ ತುಸು ಹೊತ್ತು ಒತ್ತಿ ಪ್ರಕಾಶವನ್ನು ಅಲ್ಲಿಗೇ ಕಟ್ಟಿಹಾಕಿ, ಬಳಿಕ ಆರಂಭದ ತುದಿಗೆ ಮರಳಬೇಕು. ಈ ಅನುಕೂಲ ಹಲವು ಫೋನುಗಳಲ್ಲಿದೆ.

ಸೂರ್ಯನು ಬೆನ್ನ ಹಿಂದಿದ್ದರೆ ದೃಶ್ಯಕ್ಕೆ ಬೆಳಕು ಚೆನ್ನಾಗಿ ಬೀಳುತ್ತದೆ. ಆದರೆ ಬೆಳಗಿನ ಮತ್ತು ಸಂಜೆಯ ಇಳಿಬಿಸಿಲಿನಲ್ಲಿ ಚಿತ್ರ ತೆಗೆಯುವವರ ಉದ್ದನೆಯ ನೆರಳು ಚಿತ್ರದ ನಡುವೆಯೇ ಬೀಳದಂತೆ ನೋಡಿಕೊಳ್ಳಬೇಕು. ಜನರ ಚಿತ್ರಕ್ಕೆ ತೆಳುಮೋಡದ ದಿನವೇ ಶ್ರೇಷ್ಠ. ಆಗ ಯಾರೂ ಕಣ್ಣು ಕಿರಿದು ಮಾಡಿಕೊಳ್ಳುವುದಿಲ್ಲ, ಒಂದು ತುದಿಗೂ ಇನ್ನೊಂದು ತುದಿಗೂ ಬೆಳಕಿನ ಭೇದವೂ ಕಡಿಮೆ.

ನೇರವಾದ ಗೋಡೆ ಬಾಗುವುದೇಕೆ?

ಪನೋರಮಾ ಚಿತ್ರವು ನಮ್ಮ ಸುತ್ತ ಕೊಳವೆಯಾಕಾರದಲ್ಲಿ ನಿಲ್ಲಿಸಿದ ಕಾಗದದ ಮೇಲೆ ಬರೆದ ಚಿತ್ರವಿದ್ದಂತೆ. ಅದನ್ನು ಬಿಡಿಸಿ ಚಪ್ಪಟೆಯಾಗಿ ಹರವಿದಾಗ, ಕಣ್ಣಿನ ಮಟ್ಟದ ಗೆರೆಯೊಂದನ್ನು ಬಿಟ್ಟು ಅಡ್ಡಗೆರೆಗಳೆಲ್ಲ ಬಾಗುತ್ತವೆ. 60 ಮೀಟರ್ ಉದ್ದದ ಶಾಲಾ ಕಟ್ಟಡದ ನಡುವಿಗೆ ಎದುರಾಗಿ 20 ಮೀಟರ್ ದೂರದಲ್ಲಿ ನಿಂತರೆ ಅದರ ತುದಿಗಳು ನಮ್ಮಿಂದ 36 ಮೀಟರ್ ದೂರವಿರುತ್ತವೆ. ಆದುದರಿಂದ ತುದಿಗಳ ಎತ್ತರ ನಡುವಿನ ಎತ್ತರದ ನೂರಕ್ಕೆ 55ರಷ್ಟು ಮಾತ್ರ ಕಾಣುತ್ತದೆ, ಸೂರಿನ ಗೆರೆ ಬಿಲ್ಲಾಗುತ್ತದೆ. ಅದೇ ಕಟ್ಟಡವನ್ನು 60 ಮೀಟರ್ ದೂರದಿಂದ ತೆಗೆದರೆ ತುದಿಗಳು ನೂರಕ್ಕೆ 89ರಷ್ಟು ಎತ್ತರ ಕಾಣುತ್ತವೆ, ಬಾಗು ಅಷ್ಟಾಗಿ ಗೋಚರಿಸದು. ಉದ್ದನೆಯ ಕಟ್ಟಡಗಳಿಗೆ ಹಿಂದೆ ಸರಿದು ನಿಲ್ಲುವುದೇ ಸರಿಯಾದ ಮದ್ದು.

ದುಂಡಾದ ಅಥವಾ ತೆರೆದ ನೋಟಗಳಿಗೆ ಈ ತೊಡಕಿಲ್ಲ. ಹಂಪಿಯ ಮಾತಂಗ ಪರ್ವತದ ಮೇಲಿನಿಂದ ಕಾಣುವ ಬಂಡೆಗಳ ನಾಡು, ಬಾದಾಮಿಯಲ್ಲಿ ಬಂಡೆಗಳ ನಡುವೆ ಮಲಗಿರುವ ಅಗಸ್ತ್ಯ ತೀರ್ಥ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ನೀರಿನ ಹರವು ಇವೆಲ್ಲ ಪನೋರಮಾಕ್ಕೆ ತಕ್ಕ ದೃಶ್ಯಗಳು. ಶಾಲಾ ಪ್ರವಾಸದಲ್ಲಿ ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸಲು ಇವು ಒಳ್ಳೆಯ ಪಾಠಶಾಲೆಗಳು.

ಸಮೂಹ ಚಿತ್ರ

ನಮ್ಮಂಥ ಸಂಸ್ಥೆಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು ಸಮೂಹ ಚಿತ್ರ. ಕೆಡುವುದೂ ಹೆಚ್ಚಾಗಿ ಅದೇ. ಜನರನ್ನು ನೇರ ಸಾಲಿನಲ್ಲಿ ನಿಲ್ಲಿಸುವುದು ವಾಡಿಕೆ. 20 ಮೀಟರ್ ಉದ್ದದ ನೇರ ಸಾಲನ್ನು 8 ಮೀಟರ್ ದೂರದಿಂದ ತೆಗೆದೆವೆನ್ನೋಣ. ನಡುವಿನವರು 8 ಮೀಟರ್ ದೂರದಲ್ಲಿಯೂ ತುದಿಯವರು ಸುಮಾರು 12.8 ಮೀಟರ್ ದೂರದಲ್ಲಿಯೂ ಇರುತ್ತಾರೆ. ಹೀಗಾಗಿ ತುದಿಯವರ ಮುಖ ನಡುವಿನವರ ಮುಖದ ಮೂರನೆಯ ಎರಡು ಪಾಲಿಗಿಂತಲೂ ಚಿಕ್ಕದಾಗುತ್ತದೆ. ಸಾಲದ್ದಕ್ಕೆ ಆರಂಭದ ಆತುರವೂ ಕೊನೆಯ ನಡುಕವೂ ಅವರ ಪಾಲಿಗೇ ಬರುತ್ತವೆ.

ಸಮೂಹ ಚಿತ್ರದ ತುದಿಯಲ್ಲಿ ನಿಲ್ಲುವವರು ಯಾರೆಂಬುದನ್ನು ಕ್ಷಣಕಾಲ ಯೋಚಿಸಬೇಕು. ಅತಿಥಿಗಳೂ ಹಿರಿಯರೂ ನಡುವಿನ ಕುರ್ಚಿಗಳಲ್ಲಿ ಆಸೀನರಾಗುತ್ತಾರೆ, ಅದು ಉಚಿತವೇ. ಪ್ರಸಾದ ನಿಲಯದಲ್ಲಿ ಅಡುಗೆ ಮಾಡುವವರು, ಗಂಟೆ ಬಾರಿಸುವವರು, ಅಂಗಳ ಗುಡಿಸುವವರು, ಆ ವರ್ಷವೇ ಸೇರಿದ ಎಳೆಯ ಮಕ್ಕಳು ಕೊನೆಗೆ ಬಂದು ಅಂಚಿನಲ್ಲಿ ನಿಲ್ಲುತ್ತಾರೆ. ನಡುವಿನಲ್ಲಿದ್ದವರ ಭಾವಚಿತ್ರಗಳು ಬೇರೆ ಕಡೆಯೂ ಉಳಿದಿರುತ್ತವೆ. ಅಂಚಿನವರಲ್ಲಿ ಕೆಲವರಿಗೆ ಸಂಸ್ಥೆಯ ದಾಖಲೆಯಲ್ಲಿ ಉಳಿಯುವುದು ಇದೊಂದೇ ಚಿತ್ರ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಹೆಸರಿನಲ್ಲಿ ನಡೆಯುವ ಸಂಸ್ಥೆಗಳ ಚಿತ್ರದಲ್ಲಿ ಅವರ ಮುಖವೇ ಮಸುಕಾಗುವುದು ತರವಲ್ಲ.

ಸರ್ಕಟ್ ಕ್ಯಾಮೆರಾದ ಕಾಲದವರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಅವರು ಜನರನ್ನು ಕ್ಯಾಮೆರಾದ ಸುತ್ತ ಕಮಾನಿನಾಕಾರದಲ್ಲಿ ನಿಲ್ಲಿಸುತ್ತಿದ್ದರು. ಆಗ ಎಲ್ಲರೂ ಕ್ಯಾಮೆರಾದಿಂದ ಸಮಾನ ದೂರದಲ್ಲಿರುವುದರಿಂದ ಚಿತ್ರದಲ್ಲಿ ಸಾಲು ನೇರವಾಗಿ, ಮುಖಗಳು ಒಂದೇ ಅಳತೆಯಲ್ಲಿ ಮೂಡುತ್ತಿದ್ದವು. ನಾವೂ ಹೀಗೆಯೇ ಮಾಡಬಹುದು. ಫೋನು ಇರಬೇಕಾದ ಜಾಗದಲ್ಲಿ ಗೂಟ ನೆಟ್ಟು, 8 ಮೀಟರ್ ಹಗ್ಗ ಕಟ್ಟಿ, ಹಗ್ಗದ ತುದಿಯಿಂದ ನೆಲದ ಮೇಲೆ ಸುಣ್ಣದ ಗೆರೆಯೆಳೆಯಬೇಕು. ಕರಿಹಲಗೆಯ ಮೇಲೆ ಕೈವಾರದಿಂದ ಕಂಸವೆಳೆಯುವ ಗಣಿತದ ಶಿಕ್ಷಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಬ್ಬರಿಗೆ ಅರ್ಧ ಮೀಟರಿನಂತೆ 40 ಜನರ ಸಾಲಿಗೆ 20 ಮೀಟರ್ ಉದ್ದದ ಕಂಸ ಬೇಕು. ಅದು ಫೋನಿನ ಎದುರು ಸುಮಾರು 143 ಡಿಗ್ರಿ ಕೋನವನ್ನು ವ್ಯಾಪಿಸುತ್ತದೆ. ಅದರ ಹಿಂದೆ ಒಂದೊಂದು ಮೀಟರ್ ಅಂತರದಲ್ಲಿ ಇನ್ನು ಮೂರು ಗೆರೆಗಳನ್ನೆಳೆದು, ಮೊದಲ ಸಾಲಿನವರನ್ನು ನೆಲದ ಮೇಲೂ ಎರಡನೆಯವರನ್ನು ಕುರ್ಚಿಗಳಲ್ಲೂ ಕೂರಿಸಿ, ಮೂರನೆಯವರನ್ನು ನಿಲ್ಲಿಸಿ, ನಾಲ್ಕನೆಯವರನ್ನು ಬೆಂಚುಗಳ ಮೇಲೆ ನಿಲ್ಲಿಸಿದರೆ 150 ಜನರು ಆರಾಮವಾಗಿ ಹಿಡಿಸುತ್ತಾರೆ. ಹಿನ್ನೆಲೆಯಲ್ಲಿ ಉದ್ದನೆಯ ಗೋಡೆಯಿದ್ದರೆ ಅದು ಬಾಗಿ ಕಾಣುವುದರಿಂದ ಮರಗಳ ಸಾಲು ಇದ್ದರೆ ಚೆನ್ನ.

ಚಿತ್ರ ತೆಗೆಯುವ ಮೊದಲು, ಫೋನು ತಮ್ಮ ಕಡೆಯಿಂದ ದಾಟಿ ಹೋದ ಮೇಲೂ ಎಲ್ಲರೂ ಅಲುಗಾಡದೆ ಇರಬೇಕೆಂದು ತಿಳಿಸಬೇಕು. ಆರಂಭಕ್ಕೆ ಒಂದು, ಮುಕ್ತಾಯಕ್ಕೆ ಒಂದು ಸೀಟಿ ಊದಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ಇಷ್ಟಾದರೂ ಯಾರಾದರೂ ಕದಲುವುದು ಸಹಜ. ಆದ್ದರಿಂದ ಮೂರು ಬಾರಿ ತೆಗೆದು, ಸ್ಥಳದಲ್ಲಿಯೇ ಚಿತ್ರವನ್ನು ಹಿಗ್ಗಿಸಿ ಒಂದೊಂದು ಮುಖವನ್ನೂ ತುದಿಯಿಂದ ತುದಿಯವರೆಗೆ ಪರೀಕ್ಷಿಸಿದ ಮೇಲೆಯೇ ಜನರನ್ನು ಚದುರಲು ಬಿಡಬೇಕು.

ಇದರೊಂದಿಗೆ, ಅದೇ ನೆಲೆಯಿಂದ ಸಾಮಾನ್ಯ ಚಿತ್ರಗಳನ್ನೂ ಎಡದಿಂದ ಬಲಕ್ಕೆ, ಒಂದರೊಳಗೊಂದು ಮೂರನೆಯ ಒಂದು ಭಾಗ ಕೂಡಿಕೊಳ್ಳುವಂತೆ ತೆಗೆದಿಡುವುದು ವಿವೇಕ. ಹ್ಯೂಜಿನ್ ಎಂಬ ಉಚಿತ ತಂತ್ರಾಂಶದಿಂದ ಇವುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಜೋಡಣೆ ಕೂಡದಿದ್ದರೂ ಬಿಡಿಚಿತ್ರಗಳಲ್ಲಿ ಮುಖಗಳು ಉಳಿಯುತ್ತವೆ.

ಎಲ್ಲಿ ಬೇಡ?

ರಥೋತ್ಸವ, ಮೆರವಣಿಗೆ, ಆಟೋಟಗಳ ಚಿತ್ರಕ್ಕೆ ಪನೋರಮಾ ಸಲ್ಲದು. ಚಲಿಸುವ ಜನರು ಬೆಸುಗೆಯ ಗೆರೆಯಲ್ಲಿ ತುಂಡಾಗುತ್ತಾರೆ, ಇಲ್ಲವೆ ಇಮ್ಮಡಿಯಾಗುತ್ತಾರೆ. ಅಲ್ಲಿ ಎತ್ತರದ ಸ್ಥಳದಿಂದ ತೆಗೆದ ಸಾಮಾನ್ಯ ಚಿತ್ರವೇ ಲೇಸು. ಕಿರಿದಾದ ಕೋಣೆಯಲ್ಲಿಯೂ ಇದನ್ನು ಬಳಸದಿರುವುದು ಉತ್ತಮ.

ಮುದ್ರಣ ಮತ್ತು ಸಂರಕ್ಷಣೆ

ಅಡ್ಡಲಾಗಿ 12,000 ಬಿಂದುಗಳಿರುವ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ 40 ಅಂಗುಲ ಉದ್ದ ಬರುತ್ತದೆ. ಚೌಕಟ್ಟು ಹಾಕಿಸಿ ಸಭಾಭವನದಲ್ಲಿ ತೂಗುಹಾಕಲು ಇದು ತಕ್ಕ ಅಳತೆ. ಸಂಚಿಕೆಯಲ್ಲಿ ಮುದ್ರಿಸುವುದಾದರೆ ಮಡಿಸಿದ ಪುಟವಾಗಿ ಸೇರಿಸುವುದು ಒಳ್ಳೆಯದು. ಎದುರುಬದುರಾದ ಎರಡು ಪುಟಗಳಲ್ಲಿ ಹರಡಿದರೆ ಹೊಲಿಗೆಯ ಸಂದಿಯಲ್ಲಿ ಯಾರ ಮುಖವೂ ಅಡಗದಂತೆ ನೋಡಿಕೊಳ್ಳಬೇಕು.

ವಾಟ್ಸಾಪಿನಲ್ಲಿ ಸಾಧಾರಣ ಚಿತ್ರವಾಗಿ ಕಳುಹಿಸಿದರೆ ಅದರ ಅಳತೆ ಕುಗ್ಗುತ್ತದೆ. ಮುದ್ರಣಾಲಯಕ್ಕೆ ಕಳುಹಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಮೂಲವನ್ನೇ ಕಳುಹಿಸಬೇಕು. ಮೂಲಪ್ರತಿ ಒಬ್ಬರ ಫೋನಿನಲ್ಲಿ ಮಾತ್ರ ಉಳಿದರೆ ಆ ಫೋನಿನೊಡನೆಯೇ ಅಳಿದೀತು. ಕಚೇರಿಯ ಕಂಪ್ಯೂಟರಿನಲ್ಲೊಂದು, ಬೇರೆ ಸ್ಥಳದಲ್ಲೊಂದು ಪ್ರತಿ ಇರಬೇಕು. ಚಿತ್ರ ತೆಗೆದ ದಿನವೇ ದಿನಾಂಕ, ಸ್ಥಳ, ಸಂದರ್ಭಗಳೊಡನೆ ಎಡದಿಂದ ಬಲಕ್ಕೆ ಸಾಲುವಾರು ಹೆಸರುಗಳ ಪಟ್ಟಿಯನ್ನು ಬರೆದಿಡಬೇಕು. ಹೆಸರಿಲ್ಲದ ಚಿತ್ರ ಒಂದೆರಡು ತಲೆಮಾರಿನಲ್ಲಿ ಮೂಕವಾಗುತ್ತದೆ.

ಮುಂಬರುವ ಸಮಾರಂಭಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೇವಲ ಅತಿಥಿಗಳಾಗಿ ಬಾರದೆ, ಒಂದು ಹಗ್ಗ, ಒಂದಿಷ್ಟು ಸುಣ್ಣ ಹಾಗೂ ಚೆನ್ನಾಗಿ ಚಾರ್ಜ್ ಆದ ಫೋನಿನೊಂದಿಗೆ ಒಂದು ಗಂಟೆ ಮೊದಲೇ ಬಂದು ಈ ಸೇವೆಯನ್ನು ವಹಿಸಿಕೊಳ್ಳಬೇಕೆಂದು ವಿನಂತಿ. ಶಿಕ್ಷಕರು ವಿಜ್ಞಾನ, ಗಣಿತಗಳ ಪಾಠದ ಅಂಗವಾಗಿ ಮಕ್ಕಳಿಂದಲೇ ಇದನ್ನು ಮಾಡಿಸಬಹುದು. ಐವತ್ತು ವರ್ಷಗಳ ಅನಂತರ ಈ ಸಂಸ್ಥೆಯ ಸಂಚಿಕೆಯನ್ನು ತೆರೆಯುವವರು ನಡುವಿನ ಕುರ್ಚಿಗಳಲ್ಲಿ ಕುಳಿತವರನ್ನು ಗುರುತಿಸುವಷ್ಟೇ ಸುಲಭವಾಗಿ, ಎಡತುದಿಯ ಬೆಂಚಿನ ಮೇಲೆ ನಿಂತ ಅಡುಗೆಯವರನ್ನೂ ಹೆಸರು ಹಿಡಿದು ಗುರುತಿಸುವಂತಾದರೆ ಆ ದಿನದ ಶ್ರಮ ಸಾರ್ಥಕವಾದಂತೆ.